ರಿಪೋರ್ಟ್ ಬ್ಲಾಕ್‌ಚೈನ್ ಮೇಲೆ ಹಾಕಲಿಲ್ಲ, ಅದರ ಹ್ಯಾಶ್ ಮಾತ್ರ ಹಾಕಿದೆವು

ಬ್ಲಾಕ್‌ಚೈನ್ (ಹಲವರ ಕಂಪ್ಯೂಟರ್‌ಗಳಲ್ಲಿ ಒಂದೇ ಪ್ರತಿ ಇರುವ, ಬರೆದದ್ದನ್ನು ಗುಟ್ಟಾಗಿ ತಿದ್ದಲಾಗದ ದಾಖಲೆ ಪುಸ್ತಕ) ಅಂದ ತಕ್ಷಣ ಎಲ್ಲರೂ ಬಿಟ್‌ಕಾಯಿನ್ ಬಗ್ಗೆ ಕೇಳುತ್ತಾರೆ. ನಾನು ಕೆಲಸ ಮಾಡಿದ್ದು ರಕ್ತ ಪರೀಕ್ಷೆಯ ರಿಪೋರ್ಟ್‌ಗಳ ಮೇಲೆ. ಒಂದು ಲ್ಯಾಬ್, ಅದಕ್ಕೆ ಸ್ಯಾಂಪಲ್ ಕಳಿಸುವ ಕೆಲವು ನರ್ಸಿಂಗ್ ಹೋಮ್‌ಗಳು, ಇನ್ಶೂರೆನ್ಸ್ ಕ್ಲೇಮ್ ನೋಡುವ ಒಂದು ಟಿಪಿಎ. ಎಲ್ಲರ ಹತ್ತಿರವೂ ಒಂದೇ ರೋಗಿಯ ರಿಪೋರ್ಟ್ ಇರುತ್ತದೆ. ಆದರೆ ಅವೆಲ್ಲ ಒಂದೇನಾ ಅನ್ನುವುದೇ ಜಗಳ.

ಡೆಂಗ್ಯೂ ಸೀಸನ್‌ನಲ್ಲಿ ಇದು ಜಾಸ್ತಿ. ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಇಡಿಟಿಎ ಇರುತ್ತದಲ್ಲ, ಕೆಲವರ ರಕ್ತದಲ್ಲಿ ಅದರಿಂದಾಗಿ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ. ಮೆಷಿನ್‌ಗೆ ಆ ಗುಂಪು ಲೆಕ್ಕಕ್ಕೆ ಸಿಗುವುದಿಲ್ಲ, ಕೌಂಟ್ 40,000 ಅಂತ ತೋರಿಸಿಬಿಡುತ್ತದೆ. ಪೆಥಾಲಜಿಸ್ಟ್ ಸ್ಲೈಡ್ ನೋಡಿ, ಅನುಮಾನ ಬಂದು, ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬ್‌ನಲ್ಲಿ ಮತ್ತೆ ರಕ್ತ ತರಿಸಿ ನೋಡಿದರೆ ಒಂದೂವರೆ ಲಕ್ಷ! ಅಷ್ಟರಲ್ಲಿ ಮೊದಲನೇ ಅಂಕಿ ವಾಟ್ಸಾಪ್‌ನಲ್ಲಿ ಹೋಗಿ ರೋಗಿ ಅಡ್ಮಿಟ್ ಆಗಿರುತ್ತಾರೆ. ಕ್ಲೇಮ್ ಬಂದಾಗ ಟಿಪಿಎ ಕೇಳುತ್ತದೆ, ಯಾವುದು ನಿಜ, ಯಾರು ಯಾವಾಗ ತಿದ್ದಿದರು ಅಂತ. ತಿದ್ದಿದ್ದು ಸರಿಯಾಗಿಯೇ ಇತ್ತು, ಸಾಬೀತು ಮಾಡೋದು ಹೇಗೆ?

ಇದಕ್ಕೆ ಪೋಸ್ಟ್‌ಗ್ರೆಸ್‌ನಂಥ ಮಾಮೂಲಿ ಡೇಟಾಬೇಸ್‌ನಲ್ಲಿ, ಯಾರು ಯಾವಾಗ ಏನು ತಿದ್ದಿದರು ಅಂತ ಬರೆದಿಡುವ ಒಂದು ಆಡಿಟ್ ಟೇಬಲ್ ಸಾಕಲ್ವಾ? ಒಂದೇ ಆಸ್ಪತ್ರೆಯ ಒಳಗಿನ ಕೆಲಸವಾದರೆ ಖಂಡಿತ ಸಾಕು, ಸುಮ್ನೆ ಬ್ಲಾಕ್‌ಚೈನ್ ತರಬೇಡಿ. ಇಲ್ಲಿ ಪ್ರಶ್ನೆ ಆ ಟೇಬಲ್ ಯಾರ ಸರ್ವರ್‌ನಲ್ಲಿ ಇರಬೇಕು ಅನ್ನುವುದು. ಲ್ಯಾಬ್‌ನಲ್ಲಿಟ್ಟರೆ ಟಿಪಿಎ ಒಪ್ಪಲ್ಲ, ಟಿಪಿಎ ಹತ್ತಿರ ಇಟ್ಟರೆ ಉಳಿದವರು ಒಪ್ಪಲ್ಲ. ಹಾಗಾಗಿ ಸಂಸ್ಥೆಗಳ ನಡುವಿನ ಬಳಕೆಗೆ ಮಾಡಿದ ಬ್ಲಾಕ್‌ಚೈನ್ ಸಾಫ್ಟ್‌ವೇರ್ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಹಿಡಿದೆವು. ಪರಿಚಯ ಇರುವವರಿಗೆ ಮಾತ್ರ ಪ್ರವೇಶ, ಕಾಯಿನ್ ಇಲ್ಲ, ದಾಖಲೆ ಸೇರಿಸಿದಾಗಲೆಲ್ಲ ಕಟ್ಟುವ ಗ್ಯಾಸ್ ಫೀ ಇಲ್ಲ. ದಾಖಲೆಗಳನ್ನು ಕ್ರಮವಾಗಿ ಜೋಡಿಸುವ ಸರ್ವರ್‌ಗಳನ್ನು, ಅಂದರೆ ರಾಫ್ಟ್ ಆರ್ಡರರ್‌ಗಳನ್ನು, ಮೂರು ಇಟ್ಟರೆ ಒಂದು ನಿಂತುಹೋದರೂ ಕೆಲಸ ನಡೆಯುತ್ತದೆ. ಲ್ಯಾಬ್ ಜೊತೆಗೆ ಇನ್ನೊಂದು ಸಂಸ್ಥೆಯ ಸಹಿಯೂ ಇಲ್ಲದೆ ಯಾವ ದಾಖಲೆಯೂ ಒಳಗೆ ಹೋಗದ ಹಾಗೆ ಎಂಡೋರ್ಸ್‌ಮೆಂಟ್ ಪಾಲಿಸಿ ಬರೆದೆವು.

ಚೈನ್ ಮೇಲೆ ಹೋಗುವುದು 64 ಅಕ್ಷರದ ಎಸ್‌ಎಚ್‌ಎ-256 ಹ್ಯಾಶ್, ಸಮಯ, ಸ್ಟೇಟಸ್, ಇಷ್ಟೇ. ಹ್ಯಾಶ್ ಅಂದರೆ ಡೇಟಾದಿಂದ ಲೆಕ್ಕ ಹಾಕಿ ತೆಗೆಯುವ, ಬೆರಳಚ್ಚಿನಂಥ ಗುರುತು; ಡೇಟಾದಲ್ಲಿ ಒಂದಕ್ಷರ ಬದಲಾದರೂ ಅದು ಬದಲಾಗುತ್ತದೆ. ಪಿಡಿಎಫ್‌ನ ಹ್ಯಾಶ್ ತೆಗೆಯಬೇಡಿ. ಅದೇ ರಿಪೋರ್ಟನ್ನು ಸಾಫ್ಟ್‌ವೇರ್‌ನಿಂದ ಇನ್ನೊಮ್ಮೆ ತೆಗೆದರೆ ಫೈಲ್ ಒಳಗಿನ ತಯಾರಾದ ಸಮಯ ಬದಲಾಗಿ ಹ್ಯಾಶ್ ಪೂರ್ತಿ ಬೇರೆ ಬರುತ್ತದೆ. ನಾವು ಎಫ್‌ಎಚ್‌ಐಆರ್ (ಆರೋಗ್ಯ ಮಾಹಿತಿ ಹಂಚಿಕೊಳ್ಳುವ ಪ್ರಮಾಣಿತ ಪದ್ಧತಿ) ರೂಪದ ಡೇಟಾವನ್ನು ಜೆಸನ್ ಅನ್ನುವ ಟೆಕ್ಸ್ಟ್ ರೂಪಕ್ಕೆ ತಂದು, ಅದರ ಕೀಗಳನ್ನು, ಅಂದರೆ ಪ್ರತಿ ಮಾಹಿತಿಯ ಹೆಸರುಗಳನ್ನು, ಅಕ್ಷರ ಕ್ರಮದಲ್ಲಿ ಜೋಡಿಸಿ, ಅಂಕಿಗಳನ್ನು ಟೆಕ್ಸ್ಟ್ ಆಗಿಯೇ ಇಟ್ಟು ಹ್ಯಾಶ್ ಮಾಡಿದೆವು. 1.5 ಮತ್ತು 1.50 ಡಾಕ್ಟರಿಗೆ ಒಂದೇ, ಹ್ಯಾಶ್‌ಗೆ ಅಲ್ಲ. ಪ್ರಿಲಿಮಿನರಿ, ಫೈನಲ್, ಕರೆಕ್ಟೆಡ್ ಅನ್ನುವ ಸ್ಟೇಟಸ್‌ಗಳು ಎಫ್‌ಎಚ್‌ಐಆರ್‌ನಲ್ಲೇ ಇವೆ, ಅವನ್ನೇ ಬಳಸಿದೆವು. ಹಳೇ ದಾಖಲೆ ಅಳಿಯುವುದಿಲ್ಲ, ತಿದ್ದಿದ್ದು ಅದರ ಮುಂದೆ ಸೇರುತ್ತದೆ.

ಫೋನ್ ನಂಬರನ್ನೋ 14 ಅಂಕಿಯ ಆಭಾ ನಂಬರನ್ನೋ (ಸರ್ಕಾರದ ಆರೋಗ್ಯ ಗುರುತಿನ ಸಂಖ್ಯೆ) ಹಾಗೇ ಹ್ಯಾಶ್ ಮಾಡಿ ಹಾಕುವವರನ್ನು ನೋಡಿದ್ದೇನೆ. ಹತ್ತು ಅಂಕಿಯ ಫೋನ್ ನಂಬರ್‌ಗಳನ್ನು ಒಂದು ಕಡೆಯಿಂದ ಎಲ್ಲ ಹ್ಯಾಶ್ ಮಾಡಿ ಹೋಲಿಸಿ ಮೂಲ ನಂಬರ್ ಕಂಡುಹಿಡಿಯಲು ಸಾಧಾರಣ ಕಂಪ್ಯೂಟರ್ ಸಾಕು. ಅದಕ್ಕೇ ಪ್ರತಿ ರಿಪೋರ್ಟಿಗೂ ಬೇರೆ ಬೇರೆ ರ್‍ಯಾಂಡಮ್ ಸಾಲ್ಟ್ (ಹ್ಯಾಶ್ ಮಾಡುವ ಮುಂಚೆ ಡೇಟಾಗೆ ಸೇರಿಸುವ ಗುಟ್ಟಿನ ಅಕ್ಷರಗಳು) ಹಾಕಿ, ಆ ಸಾಲ್ಟನ್ನು ಚೈನ್‌ನಿಂದ ಹೊರಗೆ ಲ್ಯಾಬ್‌ನಲ್ಲೇ ಇಟ್ಟೆವು. 2023ರ ಡಿಪಿಡಿಪಿ (ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ) ಕಾಯ್ದೆಯಲ್ಲಿ ಡೇಟಾ ಅಳಿಸಿ ಅಂತ ಕೇಳುವ ಹಕ್ಕಿದೆ. ಡೇಟಾ ಮತ್ತು ಸಾಲ್ಟ್ ಎರಡನ್ನೂ ಅಳಿಸಿದರೆ ಚೈನ್ ಮೇಲೆ ಉಳಿದ ಹ್ಯಾಶ್‌ನಿಂದ ಯಾರಿಗೂ ಏನೂ ಸಿಗುವುದಿಲ್ಲ. ಎಸ್ಟೋನಿಯಾದಲ್ಲೂ ರೋಗಿಗಳ ದಾಖಲೆ ಬೇರೆಡೆ ಇದೆ, ಗಾರ್ಡ್‌ಟೈಮ್ ಕಂಪನಿಯ ಕೆಎಸ್‌ಐ ಬ್ಲಾಕ್‌ಚೈನ್‌ಗೆ ಹೋಗುವುದು ಹ್ಯಾಶ್‌ಗಳಷ್ಟೇ.

ಇಷ್ಟಾದರೂ ಟ್ಯೂಬ್‌ಗೆ ತಪ್ಪು ಹೆಸರಿನ ಸ್ಟಿಕರ್ ಅಂಟಿಸಿದರೆ ಚೈನ್ ಆ ತಪ್ಪನ್ನೇ ಭದ್ರವಾಗಿ ಕಾಯುತ್ತದೆ. ಬಾರ್‌ಕೋಡನ್ನು ರೋಗಿಯ ಮಂಚದ ಹತ್ತಿರವೇ ಅಂಟಿಸುವ ರೂಢಿ ಮಾಡಿಸಲು ಪಟ್ಟ ಪಾಡು ಕೋಡ್ ಬರೆಯುವಾಗಲೂ ಪಡಲಿಲ್ಲ.

ಇನ್ನೊಂದು, ನರ್ಸಿಂಗ್ ಹೋಮ್‌ಗಳಲ್ಲಿ ಐಟಿಯವರೇ ಇರುವುದಿಲ್ಲ. ಅವರ ಪೀರ್‌ಗಳನ್ನು (ಚೈನ್‌ನ ಪ್ರತಿ ಇಡುವ ಸರ್ವರ್‌ಗಳನ್ನು) ಕ್ಲೌಡ್‌ನಲ್ಲಿ ನಾವೇ ನಡೆಸಿದರೂ ಅಕೌಂಟ್ ಮತ್ತು ಸಹಿ ಹಾಕುವ ಪ್ರೈವೇಟ್ ಕೀ ಅವರವರ ಹೆಸರಲ್ಲೇ ಇರಲಿ ಅಂತ ಹಟ ಹಿಡಿದೆ. ಎಲ್ಲ ಕೀಗಳೂ ನಮ್ಮ ಕೈಯಲ್ಲೇ ಇದ್ದರೆ ಅದು ಮತ್ತೆ ನಮ್ಮದೇ ಡೇಟಾಬೇಸ್, ದುಬಾರಿಯದ್ದು. ಫ್ಯಾಬ್ರಿಕ್‌ನ ಸಿಎ ಅನ್ನುವ ಭಾಗ ಗುರುತಿಗಾಗಿ ಕೊಡುವ ಸರ್ಟಿಫಿಕೇಟ್ ಡೀಫಾಲ್ಟ್ ಆಗಿ ಒಂದು ವರ್ಷಕ್ಕೆ ಮುಗಿಯುತ್ತದೆ. ಸೆಟಪ್ ಮಾಡಿದ ದಿನವೇ ರಿನ್ಯೂವಲ್ ರಿಮೈಂಡರ್ ಹಾಕಿಡಿ, ಎಲ್ಲಾ ಸಂಸ್ಥೆಗಳಿಗೂ.