ಹಣ ಕಟ್ಟುವ ಮೊದಲು ನಾನು ನೋಡುವ ಜಾಗಗಳು

ತೀರ್ಥಹಳ್ಳಿಯ ನಮ್ಮ ಆನ್‌ಲೈನ್ ಸೇವೆಯ ಅಂಗಡಿಯಲ್ಲಿ ಹೆಚ್ಚು ನಡೆಯುವುದು ಬೆಂಗಳೂರಿನ ರಾತ್ರಿ ಬಸ್ಸಿನ ಟಿಕೆಟ್, ಪಹಣಿ, ರೀಚಾರ್ಜು. ಇಂಥ ಪುಟಗಳಲ್ಲೂ ಆಪುಗಳಲ್ಲೂ ನಮಗೆ ಗೊತ್ತಾಗದಂತೆ ಹಣ ಕೀಳುವ, ಆತುರಪಡಿಸುವ ತಂತ್ರಗಳಿರುತ್ತವೆ, ಅವಕ್ಕೆ ಡಾರ್ಕ್ ಪ್ಯಾಟರ್ನ್ ಎನ್ನುತ್ತಾರೆ. ಬಸ್ಸಿನ ಪಟ್ಟಿಯಲ್ಲಿ ಕಂಡ ದರವನ್ನು ಮೊದಲು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. 750 ಇದ್ದದ್ದು ಕೊನೆಯ ಪುಟದಲ್ಲಿ 830 ಆಗಿದ್ದರೆ ದರದ ವಿವರ ಬಿಡಿಸಿ ನೋಡಬೇಕು. ತೆರಿಗೆ ಬಿಡಿ, ತಪ್ಪಿಸುವಂತಿಲ್ಲ. ಪ್ರಯಾಣ ವಿಮೆ, ಟಿಕೆಟ್ ರದ್ದಾದರೆ ಹಣ ವಾಪಸ್ ಕೊಡುವ ಯೋಜನೆ, ಐದೋ ಹತ್ತೋ ರೂಪಾಯಿಯ ದಾನ ಇವಕ್ಕೆಲ್ಲ ನಾವು ಕೇಳದೆಯೇ ಟಿಕ್ ಬಿದ್ದಿರುವುದುಂಟು. ತೆಗೆದ ಮೇಲೆ ಮೊತ್ತ ಇಳಿಯಿತೇ ನೋಡಿ. ಹಿಂದಿನ ಪುಟಕ್ಕೆ ಹೋಗಿ ಬಂದರೆ ಕೆಲವು ಕಡೆ ಟಿಕ್ ಮತ್ತೆ ಕೂತಿರುತ್ತದೆ.

‘ಇಷ್ಟೇ ಸಮಯ ಬಾಕಿ’ ಎಂದು ಪುಟದಲ್ಲಿ ಓಡುವ ಗಡಿಯಾರಗಳೆಲ್ಲ ಸುಳ್ಳಲ್ಲ. ಬಸ್ಸಿನ ಸೀಟು ಆರಿಸಿದ ಮೇಲೆ ಅದನ್ನು ಕೆಲವು ನಿಮಿಷ ನಮಗಾಗಿ ನಿಜವಾಗಿಯೂ ಹಿಡಿದಿಟ್ಟಿರುತ್ತಾರೆ. ಸೀರೆ, ಚಪ್ಪಲಿಯ ‘ಆಫರ್ ಮುಗಿಯಲು 09:59’ ಬೇರೆ ಜಾತಿ. ಅದೇ ಲಿಂಕನ್ನು ಬ್ರೌಸರಿನ ಇನ್‌ಕಾಗ್ನಿಟೋ ಟ್ಯಾಬಿನಲ್ಲಿ, ಅಂದರೆ ನಾವು ಮೊದಲು ಬಂದಿದ್ದು ಪುಟಕ್ಕೆ ನೆನಪಿರದ ಖಾಸಗಿ ಟ್ಯಾಬಿನಲ್ಲಿ ತೆರೆಯಿರಿ. ಮತ್ತೆ ಹತ್ತು ನಿಮಿಷದಿಂದಲೇ ಶುರುವಾದರೆ ಬಂದವರಿಗೆಲ್ಲ ಹೊಸದಾಗಿ ಓಡಿಸುತ್ತಿದ್ದಾರೆ ಎಂದರ್ಥ. ಆಗುಂಬೆ ಕಡೆಯ ಹೋಮ್‌ಸ್ಟೇಗೆ ‘ಒಂದೇ ರೂಮ್ ಬಾಕಿ’ ಎಂದು ಕಂಡರೆ ಮನೆಯವರಿಗೇ ಫೋನ್ ಮಾಡುವುದು ಸುಲಭ. ಆ ಆಪಿಗೆ ಅವರು ಕೊಟ್ಟದ್ದೇ ಒಂದು ರೂಮ್ ಇರಬಹುದು.

ಸಿಗ್ನಲ್ ಒಂದು ಕಡ್ಡಿಗೆ ಇಳಿದಾಗ ಇನ್ನೊಂದು ತೊಂದರೆ. ದೊಡ್ಡ ಹಸಿರು ಬಟನ್ ಬಂದಿರುತ್ತದೆ, ಅದರ ಕೆಳಗಿನ ತೆಳು ಬೂದು ಅಕ್ಷರದ ‘ಬೇಡ’ ಇನ್ನೂ ಬಂದಿರುವುದಿಲ್ಲ. ಪುಟ ಪೂರ್ತಿ ತೆರೆಯುವವರೆಗೆ ಬೆರಳು ಇಡಬೇಡಿ. ‘ಬೇಡ, ನನಗೆ ಕುಟುಂಬದ ಸುರಕ್ಷತೆ ಮುಖ್ಯವಲ್ಲ’ ಎಂದು ಬರೆದಿದ್ದರೂ ಧೈರ್ಯವಾಗಿ ಒತ್ತಿ, ಯಾರ ಕುಟುಂಬಕ್ಕೂ ಏನೂ ಆಗುವುದಿಲ್ಲ.

ಹೆಚ್ಚು ದುಡ್ಡು ಹೋಗುವುದು ಒಂದು ರೂಪಾಯಿಯ ಟ್ರಯಲ್‌ಗಳಲ್ಲಿ. ಪಿನ್ ಕೇಳುವ ಯುಪಿಐ ಪರದೆಯಲ್ಲಿ ಒಂದು ರೂಪಾಯಿಯನ್ನಷ್ಟೇ ಓದಿ ಜನ ಪಿನ್ ಹಾಕುತ್ತಾರೆ. ಅಲ್ಲಿ ಓದಬೇಕಾದ್ದು ಗರಿಷ್ಠ ಮೊತ್ತ, ಎಷ್ಟು ದಿನಕ್ಕೊಮ್ಮೆ ಕಡಿತ, ಎಲ್ಲಿಯವರೆಗೆ ಎಂಬ ಮೂರು ಸಾಲು. ಆಟೋಪೇ ಎಂಬ ಪದ ಕಂಡರೆ ನೀವು ಕೊಡುತ್ತಿರುವುದು ಮುಂದಿನ ಕಂತುಗಳಿಗೂ ಒಪ್ಪಿಗೆ. ಸಾಮಾನ್ಯವಾಗಿ 15,000 ರೂಪಾಯಿವರೆಗಿನ ಕಡಿತಕ್ಕೆ ಮತ್ತೆ ಪಿನ್ ಕೇಳುವುದಿಲ್ಲ. ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಬರಬೇಕೆಂಬ ನಿಯಮವಿದೆ, ಆದರೆ ಜಾಹೀರಾತು ಮೆಸೇಜುಗಳ ನಡುವೆ ಅದನ್ನು ಯಾರೂ ಓದುವುದಿಲ್ಲ. ಆಪ್ ಡಿಲೀಟ್ ಮಾಡಿದರೆ ಕಡಿತ ನಿಲ್ಲುವುದಿಲ್ಲ. ಹಣ ಕಟ್ಟಿದ ಯುಪಿಐ ಆಪಿನಲ್ಲೇ ಆಟೋಪೇ ವಿಭಾಗ ಹುಡುಕಿ ರದ್ದು ಮಾಡಬೇಕು. ಪ್ಲೇ ಸ್ಟೋರ್ ಮೂಲಕ ಕೊಂಡಿದ್ದರೆ ಪ್ರೊಫೈಲ್ ಚಿತ್ರ ಒತ್ತಿ, ಪಾವತಿ ಮತ್ತು ಚಂದಾದಾರಿಕೆಗಳು ಎಂಬಲ್ಲಿ ರದ್ದು ಮಾಡಿ. ಟ್ರಯಲ್ ಮುಗಿಯುವ ಎರಡು ದಿನ ಮೊದಲೇ ಮಾಡಿದರೆ ಒಳ್ಳೆಯದು.

ಪಹಣಿ ಹುಡುಕುವಾಗ ಮೇಲಿನ ಸಾಲುಗಳಲ್ಲಿ ‘ಪ್ರಾಯೋಜಿತ’ ಎಂದಿದ್ದರೆ ಅದು ಜಾಹೀರಾತು. ಸರ್ಕಾರದ ವಿಳಾಸ ಜಿಒವಿ ಡಾಟ್ ಇನ್ ಎಂದು ಮುಗಿಯುತ್ತದೆ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳ ಪಟ್ಟಿ ಇದೆ. ದೂರಿಗೆ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತಾಡಬಹುದು. ಮೊದಲ ದರದ್ದೂ ಕೊನೆಯ ದರದ್ದೂ ಸ್ಕ್ರೀನ್‌ಶಾಟ್ ಇಟ್ಟುಕೊಂಡೇ ಕರೆ ಮಾಡಿ, ಮರುದಿನ ಆ ಪುಟ ಹಾಗೆಯೇ ಇರುವ ಭರವಸೆಯಿಲ್ಲ.