ಕ್ಯಾಚರ್ ಥ್ರೋಗೆ ಬ್ಯಾಟರ್ ಅಡ್ಡ ಬಂದ್ರೆ ಏನ್ ಕೊಡ್ಬೇಕು?

ಬೇಸ್‌ಬಾಲಲ್ಲಿ ರನ್ನರ್ ಸೆಕೆಂಡ್ ಬೇಸ್ ಕದಿಯೋಕೆ (ಬ್ಯಾಟರ್ ಬಾಲ್ ಹೊಡೀದೇ ಇದ್ರೂ ಮುಂದಿನ ಬೇಸ್ ಹಿಡಿಯೋಕೆ) ಓಡ್ತಾನೆ, ಬ್ಯಾಟರ್ ಹಿಂದೆ ಕೂತು ಬಾಲ್ ಹಿಡಿಯೋ ಕ್ಯಾಚರ್ ಎದ್ದು ಎಸೀಬೇಕು ಅನ್ನೋಷ್ಟರಲ್ಲಿ ಬ್ಯಾಟರ್ ಮೈ ಅಡ್ಡ. ಹೊಸ ಅಂಪೈರ್‌ಗಳು ಎಡವೋದು ಇಲ್ಲೇ, ಯಾಕಂದ್ರೆ ಬೇಕಂತ ಮಾಡಿದ್ನಾ ಇಲ್ವಾ ಅಂತ ಅವನ ಮನಸ್ಸು ಓದೋಕೆ ಹೋಗ್ತಾರೆ. ಅದು ಬೇಡ್ವೇ ಬೇಡ, ರೂಲ್ 6.03 ಕೇಳೋದು ಅವನು ಬಾಕ್ಸ್ (ಬ್ಯಾಟರ್ ನಿಲ್ಲೋಕೆ ಗೆರೆ ಎಳೆದ ಜಾಗ) ಬಿಟ್ಟು ಬಂದು ಅಥವಾ ಬೇರೆ ಥರ ಅಲ್ಲಾಡಿ ಕ್ಯಾಚರ್‌ಗೆ ಅಡ್ಡಿ ಮಾಡಿದ್ನಾ ಅಂತ ಅಷ್ಟೇ.

ಅದಕ್ಕೇ ಮೊದ್ಲು ಪಾದ ನೋಡಿ. ಬಾಕ್ಸ್ 4 ಅಡಿ ಅಗಲ, 6 ಅಡಿ ಉದ್ದ, ಅದರೊಳಗೆ ಸುಮ್ನೆ ನಿಂತಿರೋನು ಮಾಯ ಆಗ್ಬೇಕಾಗಿಲ್ಲ, ಕ್ಯಾಚರೇ ಬಂದು ಅವನಿಗೆ ಗುದ್ದಿದ್ರೆ ಆಟ ನಡೀಲಿ. ಹಾಗಂತ ಗೆರೆ ಒಳಗಿದ್ರೆ ಏನ್ ಮಾಡಿದ್ರೂ ನಡೆಯುತ್ತೆ ಅಂತಲ್ಲ, ಥ್ರೋ ದಾರಿಗೆ ವಾಲಿದ್ರೆ ಅದೂ ತಪ್ಪೇ.

ಜಾಸ್ತಿ ನೋಡೋಕೆ ಸಿಗೋದು ಇದು: ಬಲಗೈ ಬ್ಯಾಟರ್ ಹೊರಗಡೆ ಹೋಗೋ ಬಾಲ್‌ಗೆ ಜೋರಾಗಿ ಬೀಸಿ ಮಿಸ್ ಮಾಡ್ತಾನೆ, ಬ್ಯಾಲೆನ್ಸ್ ತಪ್ಪಿ ಹಿಂದಿನ ಕಾಲು ಹೋಮ್ ಪ್ಲೇಟ್ (ಬಾಕ್ಸ್ ಪಕ್ಕ ನೆಲದಲ್ಲಿರೋ ಬಿಳಿ ಹಲಗೆ) ಮೇಲೇ ಬಂದು ಬೀಳುತ್ತೆ, ಕ್ಯಾಚರ್ ಕೈ ಅವನ ಭುಜಕ್ಕೆ ತಾಗಿ ಬಾಲ್ ಸೆಂಟರ್ ಫೀಲ್ಡ್‌ಗೆ ಹಾರುತ್ತೆ. ಪಾಪ ಅವನಿಗೆ ಗೊತ್ತೇ ಇರಲ್ಲ, ಆದ್ರೂ ಔಟ್.

ಈಗ ಮುಖ್ಯ ವಿಷ್ಯ, ತಕ್ಷಣ ಟೈಮ್ ಕರೀಬೇಡಿ, ಅಂದ್ರೆ ಆಟ ನಿಲ್ಲಿಸ್ಬೇಡಿ! ಬ್ಯಾಟರ್ ಕಡೆ ಕೈ ತೋರ್ಸಿ "ಇಂಟರ್‌ಫಿಯರೆನ್ಸ್" (ಅಡ್ಡಿ) ಅಂತ ಜೋರಾಗಿ ಹೇಳಿ ಥ್ರೋ ಏನಾಗುತ್ತೆ ಅಂತ ಕಾಯಿರಿ. ಆ ಥ್ರೋಗೇ ರನ್ನರ್ ಔಟಾದ್ರೆ ಅಡ್ಡಿ ಆಗೇ ಇಲ್ಲ ಅಂತ ಲೆಕ್ಕ, ರನ್ನರ್ ಹೋದ, ಬ್ಯಾಟರ್ ಉಳ್ಕೊಂಡ. ಔಟ್ ಆಗ್ಲಿಲ್ಲ, ಅಥವಾ ಎರಡು ಬೇಸ್ ಮಧ್ಯೆ ಸಿಕ್ಕಾಕೊಂಡು ರನ್‌ಡೌನ್ ಶುರುವಾಯ್ತು ಅಂದ್ರೆ ಆಗ ಟೈಮ್, ಬ್ಯಾಟರ್ ಔಟ್, ರನ್ನರ್‌ಗಳೆಲ್ಲ ಅಡ್ಡಿ ಆದಾಗ ಇದ್ದ ಬೇಸಿಗೆ ವಾಪಸ್. ನನ್ನ ಪ್ರಕಾರ ಆ ಒಂದೆರಡು ಸೆಕೆಂಡ್ ತಡ್ಕೊಳ್ಳೋದೇ ಈ ಕೆಲಸದಲ್ಲಿ ಅತಿ ಕಷ್ಟದ್ದು, ಬೇಗ ಟೈಮ್ ಅಂದ್ಬಿಟ್ರೆ ಕ್ಯಾಚರ್ ಕಷ್ಟಪಟ್ಟು ಮಾಡಿದ ಔಟನ್ನ ನಾವೇ ಕಿತ್ಕೊಂಡ ಹಾಗೆ.

ಬ್ಯಾಟ್ ಪೂರ್ತಿ ಸುತ್ತಿ ಬಂದು ಹಿಂದಿರೋ ಕ್ಯಾಚರ್‌ಗೆ ಗೊತ್ತಿಲ್ದೆ ಬಡಿದ್ರೆ ಮಾತ್ರ ಬೇರೆ, ಅದು ಬರೀ ಸ್ಟ್ರೈಕ್ (ಬ್ಯಾಟರ್ ಲೆಕ್ಕಕ್ಕೆ ಒಂದು ಮಿಸ್, ಮೂರಾದ್ರೆ ಔಟ್), ಬಾಲ್ ಡೆಡ್ ಅಂದ್ರೆ ಆಟ ಅಲ್ಲಿಗೇ ನಿಂತಂಗೆ, ರನ್ನರ್ ಮುಂದೆ ಹೋಗಂಗಿಲ್ಲ. ಇನ್ನು ಮೂರನೇ ಸ್ಟ್ರೈಕ್‌ಗೆ ಔಟಾದ ಬ್ಯಾಟರ್ ಅಡ್ಡ ಬಂದು ಥ್ರೋ ಕೆಡಿಸಿದ್ರೆ, ಅವನಂತೂ ಆಗ್ಲೇ ಔಟ್, ಹಾಗಾಗಿ ಅವನ ತಪ್ಪಿಗೆ ಓಡ್ತಿದ್ದ ರನ್ನರೂ ಔಟ್.