31 ಇಂಚಿನ ಖಣ, ಸುತ್ತಿ ಬರುವ ಹೊಲಿಗೆ

ಗುಳೇದಗುಡ್ಡ ಖಣದಲ್ಲಿ ಫ್ರಾಕ್ ಹೊಲಿಯುವ ಎಲ್ಲರ ತಕರಾರು ಒಂದೇ, ಅಗಲ ಸಾಲಲ್ಲ. ಕುಬಸಕ್ಕೆ, ಉಡಿ ತುಂಬೋದಕ್ಕೆ ಅಂತ ನೇಯ್ದ ಬಟ್ಟೆ ಅದು. ನಾನು ತಂದ ತಾನು (ಬಟ್ಟೆಯ ಸುರುಳಿ) 31 ಇಂಚು ಅಗಲ. ಮುಂದೊಂದು, ಹಿಂದೊಂದು, ಪಕ್ಕಕ್ಕೆ ಜೋಡು ಹಾಕಿದರೆ ಮೂರು ಮೀಟರ್ ನುಂಗುತ್ತೆ, ಚೂರು ಬೇರೆ ಉಳಿಯುತ್ತೆ. ನನಗೆ ಈಗ ಒಂದೂಮುಕ್ಕಾಲು ಮೀಟರ್‌ನಲ್ಲಿ ತೋಳಿಲ್ಲದ ಫ್ರಾಕ್ ಆಗುತ್ತಿದೆ, ಅದೂ ಪಕ್ಕದ ಹೊಲಿಗೆಯೇ ಇಲ್ಲದೆ.

ಇದರ ಬೀಜ ನಮ್ಮ ಅಂಗಡಿಯಲ್ಲೇ ಇತ್ತು. ಮಾಸ್ಟರ್ ಚಾಚಾ ಹಳೇ ಕಾಲದ ಚೂಡಿದಾರಕ್ಕೆ ಬಟ್ಟೆಯನ್ನು ಓರೆಯಾಗಿ ಸುತ್ತಿ ಥೈಲಿ, ಅಂದರೆ ಚೀಲ, ಹೊಲಿಯುತ್ತಾರೆ. ನಾವು ಕ್ರಾಸ್ ಅಂತೀವಿ, ಅವರು ಉರೇಬ್ ಅಂತಾರೆ. ಅದರಲ್ಲಿ ಕಾಲಿನ ಬದಲು ಇಡೀ ಮೈ ಹೋದರೆ ಹೇಗೆ ಅಂತ ಕೇಳಿದೆ. "ಅಕ್ಕಾರ, ಥೈಲಿ ಥೈಲಿನ. ಮೈಮ್ಯಾಲೆ ನಿಲ್ಲೂದಿಲ್ಲದು" ಅಂದರು. ಹುಬ್ಬಳ್ಳಿಯಲ್ಲಿ ಬೊಟಿಕ್ ನಡೆಸುವ ಗೆಳತಿಯರೂ ಅದನ್ನೇ ಹೇಳಿದರು.

ಲೆಕ್ಕ ನೋಡಿ. ಹೊಲಿಗೆಗೆ ಅರ್ಧರ್ಧ ಇಂಚು ಬಿಟ್ಟರೆ ಉಳಿಯೋದು 30. ತುದಿಯನ್ನು 45 ಡಿಗ್ರಿ ಓರೆಗೆ ಕತ್ತರಿಸಿದರೆ ಆ ತುದಿ 42 ಇಂಚು ಚಿಲ್ಲರೆ ಬರುತ್ತೆ. ದಡಿಗೆ ದಡಿ ಸೇರಿಸಿ ಹೊಲಿದಾಗ ಅದೇ ಮೈ ಸುತ್ತಳತೆ! ದಡಿ 65 ಇಂಚು ಇಟ್ಟರೆ ಕೊಳವೆ 46 ಇಂಚು ಉದ್ದ ಬೀಳುತ್ತೆ, ಜೋಡಿ ದಡಿ ಹೆಗಲಿಂದ ಹೊರಟು ಮೈಯನ್ನು ಒಂದು ಸುತ್ತು ಸುತ್ತಿ ಕೆಳಗಿನ ಮಡಿಕೆಗೆ ಬಂದು ಮುಟ್ಟುತ್ತೆ. ತಾನಿನಿಂದ ಓರೆಯಾಗಿಯೇ ಕತ್ತರಿಸುತ್ತಾ ಹೋಗಿ, ಒಂದು ಫ್ರಾಕಿನ ಕೊನೆ ಇನ್ನೊಂದರ ಶುರು. ತಾನಿನ ಎರಡು ತುದಿಯಲ್ಲಿ ಮಾತ್ರ ತ್ರಿಕೋನ ಉಳಿಯುತ್ತೆ.

ಕಾಗದದ ಮೇಲೆ ಇದು ಒಂದು ಸಂಜೆಯ ಕೆಲಸ. ಬಟ್ಟೆಯಲ್ಲಿ ಎಂಟು ತಿಂಗಳು ಹಿಡಿಯಿತು.

ಪ್ಯಾರಿಸ್‌ನ ಉಡುಪು ವಿನ್ಯಾಸಕಿ ಮ್ಯಾಡಲೀನ್ ವಿಯೊನೆ ಕ್ರಾಸ್ ಕಟ್‌ನ ಉಡುಪುಗಳನ್ನು ಮೊದಲು ಚಿಕ್ಕ ಮರದ ಗೊಂಬೆ ಮೇಲೆ ಮಾಡಿ ನೋಡುತ್ತಿದ್ದರು, 1920ರ ದಶಕದಲ್ಲೇ. ನಾನೂ ಅರ್ಧ ಅಳತೆಯ ಗೊಂಬೆ ಮೇಲೆ ಕೋರಾ (ಬಿಳುಪು ಮಾಡದ) ಬಟ್ಟೆಯಲ್ಲಿ ಮಾಡಿದೆ. ಚೆನ್ನಾಗಿ ಕೂತಿತು. ಆದರೆ ಚಿಕ್ಕ ಬಟ್ಟೆಗೆ ಭಾರ ಇಲ್ಲ, ಅದು ಜಗ್ಗಲ್ಲ. ಖಣದಲ್ಲಿ ಪೂರ್ತಿ ಅಳತೆಯದು ಹೊಲಿದು ತೂಗು ಹಾಕಿದೆ, ಎರಡು ದಿನಕ್ಕೆ ಉದ್ದ ಮೂರು ಇಂಚು ಜಾಸ್ತಿ, ಸುತ್ತಳತೆ ಎರಡು ಇಂಚು ಕಡಿಮೆ. ಸೊಂಟದಲ್ಲಿ ಇಳಿಯಲೇ ಇಲ್ಲ. ಈಗ ಹೊಲಿಗೆ ಮುಗಿದ ಕೊಳವೆಯನ್ನು ಮೂರು ದಿನ ಕ್ಲಿಪ್ ಹಾಕಿ ನೇತುಬಿಟ್ಟು, ಆಮೇಲೆ ಕುತ್ತಿಗೆ ಮತ್ತು ಕೆಳಗಿನ ಮಡಿಕೆ ಗುರುತು ಹಾಕ್ತೀನಿ.

ಎರಡನೇದು ಇನ್ನೂ ಕೆಟ್ಟದಾಗಿತ್ತು. ನಡೆದರೆ ಫ್ರಾಕ್ ಮೈಮೇಲೆ ಎಡಕ್ಕೆ ತಿರುಗುತ್ತಾ ಹೋಗುತ್ತಿತ್ತು. ದಡಿ ದಪ್ಪ, ಅದು ಜಗ್ಗಲ್ಲ, ಒಡಲು ಮಾತ್ರ ಜಗ್ಗುತ್ತೆ, ಹಾಗಾಗಿ ದಡಿ ಇಡೀ ಬಟ್ಟೆಯನ್ನು ತಿರುಚಿಬಿಡುತ್ತೆ. ಇದಕ್ಕೆ ದಾರಿ ಸಿಕ್ಕಿದ್ದು ಆರನೇ ಫ್ರಾಕಿನಲ್ಲಿ. ಮಷೀನಿಗೆ ಕೊಡುವಾಗ ಒಂದು ದಡಿಯನ್ನು ಸ್ವಲ್ಪ ಸಡಿಲ ಬಿಡಬೇಕು. ಯಾವ ದಡಿ, ಎಷ್ಟು ಸಡಿಲ ಅನ್ನೋದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಕೋತೀನಿ, ಅದಕ್ಕೆ ನಾಲ್ಕು ಫ್ರಾಕ್ ಹಾಳು ಮಾಡಿದ್ದೇನೆ.

ತೋಳಿಗೆ ಗುಂಡಗೆ ಕತ್ತರಿಸಬೇಡಿ, ಕ್ರಾಸ್‌ನಲ್ಲಿ ಅದು ಬಾಯಿ ಬಿಡುತ್ತೆ. ನಾನು ಎರಡೂ ಪಕ್ಕ ಒಂಬತ್ತು ಇಂಚು ನೇರ ಸೀಳಿ, ಕಂಕುಳಿಗೆ ಒಂದು ಚೌಕದ ತುಂಡು ಕೂರಿಸುತ್ತೇನೆ. ಆ ಚೌಕ ಬರೋದು ಉಳಿದ ತ್ರಿಕೋನದಿಂದ. ಸೀಳಿನ ಅಂಚು ಜಗ್ಗದಂತೆ ಅದೇ ತ್ರಿಕೋನದ ದಡಿಯ ಸಣ್ಣ ಪಟ್ಟಿ ಹಾಕ್ತೀನಿ.

ದುಡ್ಡಿನ ಮಾತು. ಖಣ ಮೀಟರಿಗೆ 250ರ ಆಸುಪಾಸು, ಕೋರಾ 60-70. ಬಟ್ಟೆ, ಮಜೂರಿ ಸೇರಿ ಸುಮಾರು 18 ಸಾವಿರ ಕಲಿಯೋದಕ್ಕೇ ಹೋಯಿತು. ಒಂದು ಸಲ ಕೆಂಪು ಖಣ ನೆನೆಸದೆ ಹೊಲಿದು, ಬಿಳಿ ಲೈನಿಂಗಿಗೆಲ್ಲ ಬಣ್ಣ ಹತ್ತಿ 1,400 ರೂಪಾಯಿ ವಾಪಸ್ ಕೊಟ್ಟೆ. ಈಗ ಒಂದು ಫ್ರಾಕಿಗೆ ಬಟ್ಟೆ, ಲೈನಿಂಗ್, ಮಜೂರಿ ಎಲ್ಲ ಸೇರಿ 1,300 ಬೀಳುತ್ತೆ, 3,200ಕ್ಕೆ ಮಾರ್ತೀನಿ. ದೀಪಾವಳಿ ಸುತ್ತ ಇಪ್ಪತ್ತೆರಡೋ ಇಪ್ಪತ್ಮೂರೋ ಹೋದವು, ಒಂದೂ ತಿರುಗಿ ಬಂದಿಲ್ಲ.

ನಡುವೆ ಖಣಕ್ಕೆ ಪ್ಲೀಟ್ ಕೂರಿಸುವ ಹುಚ್ಚೂ ಹಿಡಿದಿತ್ತು. ಪೇಪರ್ ಮಧ್ಯೆ ಮಡಚಿ, ಹಗ್ಗ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ ಹಬೆ ಕೊಟ್ಟೆ. ನೋಡೋಕೆ ತುಂಬಾ ಚೆಂದ ಬಂತು, ಮೊದಲ ಒಗೆತಕ್ಕೆ ಎಲ್ಲಾ ಬಿಚ್ಚಿಕೊಂಡಿತು. ಜಪಾನಿನ ವಿನ್ಯಾಸಕ ಇಸೆ ಮಿಯಾಕೆಯ ಪ್ಲೀಟ್ ನಿಲ್ಲೋದು ಅದು ಪಾಲಿಯೆಸ್ಟರ್ ಆದ್ದರಿಂದ, ಬಿಸಿಗೆ ಮಡಿಕೆ ಅಲ್ಲೇ ಗಟ್ಟಿಯಾಗುತ್ತೆ. ಹತ್ತಿ ನೂಲಿಗೆ ಆ ಗುಣ ಇಲ್ಲ.

ಎದೆ 38ರ ಮೇಲಿನವರಿಗೆ 42 ಸಾಲಲ್ಲ, ಅಲ್ವಾ? ಓರೆಯನ್ನು ದಡಿ ಮೇಲೆ 30ರ ಬದಲು 40 ಇಂಚಿಗೆ ಎಳೆದರೆ ಸುತ್ತಳತೆ ಸರಿಯಾಗಿ 50 ಬರುತ್ತೆ. ಬಟ್ಟೆ 77 ಇಂಚು ಬೇಕು. ಪೂರ್ತಿ ಕ್ರಾಸ್ ಅಲ್ಲದ್ದರಿಂದ ಬೀಳುವ ರೀತಿ ಸ್ವಲ್ಪ ಬಿಗಿ. ಆ ಅಳತೆಯಲ್ಲಿ ಮೂರು ಹೊಲಿದಿದ್ದೇನೆ. ಮೂರನೇದು ಇನ್ನೂ ನೇತಾಡ್ತಿದೆ, ಭಾನುವಾರ ಇಳಿಸಿ ಅಳೀಬೇಕು.